ಗ್ರಂಥಸಂಪಾದನೆಯಲ್ಲಿ ಅಚ್ಚಿನ ಕಡತದ ಸ್ಥಾನ

ಪ್ರಾಚೀನ ಜೈನಗ್ರಂಥಗಳ ಪ್ರತಿಸಂಗ್ರಹ, ಪಾಠಪರಿಶೀಲನೆ, ಪಾಠನಿರ್ಣಯ ಇವನ್ನು ಕುರಿತು ಕನ್ನಡದಲ್ಲಿ ವಿಪುಲವಾದ ವಿಚಾರ ನಡೆದಿದೆ. 1964ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಹೊರಬಂದ ಮೇಲೆ ಈ ಶಾಸ್ತ್ರದ ಮೂಲತತ್ತ್ವಗಳನ್ನು ಅರಿಯದೆ ಸಂಪಾದನಕಾರ್ಯಕ್ಕೆ ಕೈಹಾಕುವವರು ವಿರಳ. ಆದರೆ ಪಾಠನಿರ್ಣಯವಾದ ಮೇಲಿನ ಒಂದು ಘಟ್ಟವಿದೆ. ಸಿದ್ಧವಾದ ಶುದ್ಧಪ್ರತಿ ಗಣಕಯಂತ್ರದಲ್ಲಿ ಕಡತವಾಗಿ, ಪುಟಗಳಾಗಿ, ಕೊನೆಗೆ ಅಚ್ಚಿನ ಮನೆಗೆ ಹೋಗುವ ಘಟ್ಟ ಅದು. ಇದನ್ನು ಶಾಸ್ತ್ರದ ಹೊರಗಿನದೆಂದೂ ಕೂಲಿಯಿಂದ ನಡೆಯತಕ್ಕದ್ದೆಂದೂ ನಮ್ಮ ವಿದ್ವಾಂಸರಲ್ಲಿ ಅನೇಕರು ಭಾವಿಸಿದ್ದಾರೆ. ಈ ಭಾವನೆ ಸಮಂಜಸವಲ್ಲ. ಅಚ್ಚಿಗೆ ಹೋಗುವ ಕಡತವೂ ಒಂದು ಹಸ್ತಪ್ರತಿಯೇ. ಪ್ರತಿಪರಂಪರೆಯಲ್ಲಿ ಅದು ಕೊನೆಯದು. ಓದುಗನ ಕೈಗೆ ಬರುವುದು ಅದೊಂದೇ.

ಶಿರ್ವದ ಮಂಚಕಲ್ಲು ಪೇಟೆಯಲ್ಲಿ ನಿಂತವರಿಗೆ ಈ ಪ್ರಶ್ನೆಯ ಎರಡು ತುದಿಗಳೂ ಸಮೀಪದಲ್ಲಿಯೇ ಇವೆ. ಪೂರ್ವಕ್ಕೆ ಹೋದರೆ ಕಾರ್ಕಳ. 1432ರಲ್ಲಿ ಪ್ರತಿಷ್ಠಾಪಿತನಾದ ಬಾಹುಬಲಿಯ ಊರು, ಜೈನಮಠದ ಓಲೆಗ್ರಂಥಗಳ ನೆಲೆ. ಅಲ್ಲಿಂದ ದಕ್ಷಿಣಕ್ಕೆ ಮೂಡುಬಿದಿರೆ. ಧವಲ, ಜಯಧವಲ, ಮಹಾಧವಲಗಳನ್ನು ಶತಮಾನಗಳ ಕಾಲ ಕಾಪಾಡಿದ ಸಿದ್ಧಾಂತ ಬಸದಿಯ ಸ್ಥಳ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯಲ್ಲಿ ಈ ಎರಡು ಊರುಗಳ ಭಂಡಾರಗಳಿಗೆ ಎಂತಹ ಸ್ಥಾನವಿದೆಯೆಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ. ಶಿರ್ವದಿಂದ ಉತ್ತರಕ್ಕೆ ಹೋದರೆ ಮಣಿಪಾಲ. 1941ರಲ್ಲಿ ಅಲ್ಲಿ ಪವರ್ ಪ್ರೆಸ್ ಆರಂಭವಾಯಿತು; 1970ರಲ್ಲಿ ಅಲ್ಲಿಂದಲೇ ‘ಉದಯವಾಣಿ’ ಹೊರಟಿತು. ನಡುವಿನ ಶಿರ್ವ, ಕಾಪು, ಬೆಳ್ಮಣ್ಣುಗಳಂತಹ ಪೇಟೆಗಳಲ್ಲಿ ಗಣಕದ ಅಕ್ಷರಜೋಡಣೆ ಮಾಡುವವರು ಮದುವೆಯ ಕರೆಯೋಲೆ, ಸಹಕಾರಿ ಸಂಘದ ವರದಿ, ಉತ್ಸವದ ಆಮಂತ್ರಣಗಳನ್ನು ಅಂದವಾಗಿ ಮಾಡಿಕೊಡುತ್ತಾರೆ. ಇಂತಹ ಕೈಗಳಿಗೇ ಹತ್ತನೆಯ ಶತಮಾನದ ಚಂಪುವೂ ಬಂದು ಸೇರುವುದುಂಟು. ಅವರ ಕೌಶಲದಲ್ಲಿ ಕೊರತೆಯಿಲ್ಲ. ಪಂಡಿತರು ಅವರಿಗೆ ಹೇಳಬೇಕಾದುದನ್ನು ಹೇಳುವುದಿಲ್ಲವೆಂಬುದೇ ಕೊರತೆ.

ಸೀಸದ ಮೊಳೆಗಳ ಕಾಲದಲ್ಲಿ ಸ್ಥಿತಿ ಬೇರೆಯಾಗಿತ್ತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಸ್ಥಾಪಿತವಾಯಿತು. ಅದೇ ಮಂಗಳೂರಿನಿಂದ ಕಿಟ್ಟೆಲರ ‘ಶಬ್ದಮಣಿದರ್ಪಣ’ 1872ರಲ್ಲಿಯೂ ಅವರ ನಿಘಂಟು 1894ರಲ್ಲಿಯೂ ಪ್ರಕಟವಾದವು. ಱಕಾರ, ೞಕಾರಗಳನ್ನು ಅವು ಉಳಿಸಿಕೊಂಡುದರಿಂದಲೇ ಇಂದಿಗೂ ಪ್ರಮಾಣವಾಗಿ ನಿಂತಿವೆ. ಮೊಳೆಯ ಪೆಟ್ಟಿಗೆಯಲ್ಲಿ ೞ ಇಲ್ಲದಿದ್ದರೆ ಜೋಡಿಸುವವನ ಕೈ ನಿಲ್ಲುತ್ತಿತ್ತು. ನಿಂತ ಕೈಯೇ ಸಂಪಾದಕನಿಗೆ ಎಚ್ಚರಿಕೆ. ಅಕ್ಷರವನ್ನು ಎರಕ ಹೊಯ್ಯಿಸಬೇಕು, ಇಲ್ಲವೆ ಬೇರೆ ಸಂಕೇತವನ್ನು ಒಪ್ಪಿ ಪೀಠಿಕೆಯಲ್ಲಿ ಅದನ್ನು ಹೇಳಬೇಕು. ಜೊತೆಗೆ ಗ್ಯಾಲಿಯ ಕರಡು, ಪುಟದ ಕರಡು, ಯಂತ್ರವೇರುವ ಮುಂಚಿನ ಕರಡು ಎಂದು ಮೂರು ಸಲ ಓದು ನಡೆಯುತ್ತಿತ್ತು. ಗಣಕಯಂತ್ರದ ಕೈ ನಿಲ್ಲುವುದಿಲ್ಲ. ತಿಳಿಯದ ಅಕ್ಷರ ಬಂದಾಗ ಅದು ತನಗೆ ತೋಚಿದುದನ್ನು ಹಾಕಿ ಮುಂದುವರಿಯುತ್ತದೆ.

ಇಲ್ಲಿ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ಸ್ಮರಿಸುವುದು ಅನುಚಿತವಾಗಲಾರದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಸಾವಿರ ಪ್ರತಿಗಳೆಂದರೆ ಅನೇಕ ಲಿಪಿಕಾರರ ಕೈ, ಅನೇಕ ಬಗೆಯ ತಪ್ಪುಗಳು. ಒಬ್ಬನು ಬಿಟ್ಟುದನ್ನು ಇನ್ನೊಬ್ಬನು ಬರೆದಿರುತ್ತಾನೆ. ಒಬ್ಬನ ಕಣ್ಣು ಜಾರಿದೆಡೆ ಮತ್ತೊಬ್ಬನದು ಜಾರಿರುವುದಿಲ್ಲ. ಪಾಠಾಂತರಗಳೆಂದರೆ ಈ ವೈವಿಧ್ಯವೇ. ಮೂಲಪಾಠವನ್ನು ಮರಳಿ ಪಡೆಯುವ ನಮ್ಮ ಶಾಸ್ತ್ರವೆಲ್ಲ ಇದರ ಮೇಲೆ ನಿಂತಿದೆ. ಇಂದು ಸಾವಿರ ಪ್ರತಿ ಅಚ್ಚುಮಾಡಿಸಿದರೆ ಸಾವಿರಕ್ಕೂ ತಪ್ಪು ಒಂದೇ, ಒಂದೇ ಪುಟದಲ್ಲಿ, ಒಂದೇ ಸಾಲಿನಲ್ಲಿ. ಪ್ರತಿಗೆ ಪ್ರತಿಯನ್ನು ಹೋಲಿಸಿ ಅದನ್ನು ತಿದ್ದುವುದಕ್ಕೆ ಸಾಧ್ಯವೇ ಇಲ್ಲ. ಮೂಲದ ಓಲೆ ಉಳಿದಿದ್ದರೆ ಮಾತ್ರ ಗತಿ. ಗೆದ್ದಲಿಗೂ ತೇವಕ್ಕೂ ಸಿಕ್ಕಿದ ಓಲೆ ಎಷ್ಟು ಕಾಲ ಉಳಿದೀತೆಂಬುದು ತುಳುನಾಡಿನ ಮಳೆಗಾಲವನ್ನು ಬಲ್ಲವರಿಗೆ ತಿಳಿದ ವಿಷಯ.

ಒಂದು ಪದದ ಲೋಪ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಪ್ರಕಟವಾದಾಗ ಬಳಕೆಗೆ ದೊರೆತ ಕಾಗದದ ಪ್ರತಿಗಳಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ‘ಸಂಜದ’ ಬರುವಲ್ಲಿ ಪ್ರತಿಮಾಡಿದವನ ಕಣ್ಣು ಜಾರುವುದು ಸಹಜವೇ. ಅಲ್ಲಿ ಪದವೊಂದು ಬಿಟ್ಟುಹೋಗಿರುವಂತಿದೆಯೆಂದು ಸಂಪಾದಕರು ವಿಷಯಸಂಗತಿಯಿಂದ ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮನುಷ್ಯಿನಿಯ ಗುಣಸ್ಥಾನಗಳಿಗೆ ಸಂಬಂಧಿಸಿದ ಸೂತ್ರವಾದುದರಿಂದ ವಿದ್ವಾಂಸರಲ್ಲಿ ದೊಡ್ಡ ವಿವಾದವೇ ಎದ್ದಿತು. ಮೂಡುಬಿದಿರೆಯ ತಾಡವೋಲೆಯನ್ನು ನೋಡಿದಾಗ ಆ ಪದ ಅಲ್ಲಿರುವುದು ಕಂಡುಬಂದಿತು. ಪದದ ಅರ್ಥವನ್ನು ಕುರಿತ ಚರ್ಚೆ ಇಲ್ಲಿ ಅಪ್ರಸ್ತುತ. ಪ್ರಸ್ತುತವಾದುದು ಇಷ್ಟು: ಓಲೆಯೊಂದು ಸ್ವತಂತ್ರವಾಗಿ ಉಳಿದಿತ್ತು, ಸಂಪಾದಕರು ತಮ್ಮ ಊಹೆಯನ್ನು ಮೂಲಪಾಠದೊಳಗೆ ಬೆರೆಸದೆ ಕೆಳಗೆ ತೋರಿಸಿದ್ದರು. ಈ ಎರಡರಲ್ಲಿ ಒಂದು ತಪ್ಪಿದ್ದರೂ ಇಂದು ನಮಗೆ ಆ ಪಾಠದ ವಿಷಯದಲ್ಲಿ ನಿಶ್ಚಯವಿರುತ್ತಿರಲಿಲ್ಲ.

ಗಣಕಯಂತ್ರದ ಲೋಪಗಳು ಇದಕ್ಕಿಂತ ಭಿನ್ನಜಾತಿಯವು. ಕನ್ನಡವು ಗಣಕಕ್ಕೆ ಬಂದ ಮೊದಲ ಕಾಲದಲ್ಲಿ ಅಕ್ಷರಗಳಿಗೆ ಸ್ವಂತ ಸ್ಥಾನವಿರಲಿಲ್ಲ. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ಅಕ್ಷರವನ್ನು ತುಂಡುಮಾಡಿ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಬೆರಳಚ್ಚು ಸುಲಭವಾಯಿತು. ತಮ್ಮ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ಹೆಸರಿಟ್ಟು ಆ ಹಿರಿಯ ಭಾಷಾವಿದ್ವಾಂಸರನ್ನು ನೆನೆದುದು ಉಚಿತವಾಗಿಯೇ ಇದೆ. ‘ಬರಹ’, ‘ನುಡಿ’ ತಂತ್ರಾಂಶಗಳ ಮೂಲಕ ಆ ಕ್ರಮ ಮನೆಮನೆಗೆ ಹಬ್ಬಿತು. ಆದರೆ ಒಳಗೆ ಸಂಗ್ರಹವಾಗುತ್ತಿದ್ದುದು ಕಣ್ಣಿಗೆ ಕಾಣುವ ಆಕಾರವಲ್ಲದೆ ಅಕ್ಷರವಲ್ಲ. ಯೂನಿಕೋಡ್ ಸಂಕೇತ ಬಂದ ಮೇಲೆ ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸುವ ಕೆಲಸ ಆರಂಭವಾಯಿತು. ಈ ಪರಿವರ್ತಕವೇ ಇಂದಿನ ಲಿಪಿಕಾರ. ಇವನಿಗೆ ಭಾಷೆ ತಿಳಿಯದು, ನಿದ್ರೆಯಿಲ್ಲ, ನಾಚಿಕೆಯೂ ಇಲ್ಲ.

ಆಕಾರವನ್ನು ಬಿಡಿಸುವ ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ. ಉಚ್ಚಾರಣೆಯನ್ನು ಅನುಸರಿಸುವ ಹೊಸ ಕ್ರಮದಲ್ಲಿ ರೇಫ ಮೊದಲು ಬರಬೇಕು. ಪರಿವರ್ತನೆಯಲ್ಲಿ ಈ ಸ್ಥಾನಪಲ್ಲಟ ತಪ್ಪಿದರೆ ‘ಕರ್ಮ’ವು ‘ಕಮರ್’ ಆಗುತ್ತದೆ, ‘ಧರ್ಮ’ವು ‘ಧಮರ್’ ಆಗುತ್ತದೆ. ಕರ್ಮಸಿದ್ಧಾಂತದ ಗ್ರಂಥದಲ್ಲಿ ಕರ್ಮವೇ ಕಮರಿಹೋಗುವುದು ನಗೆಯ ವಿಷಯವಲ್ಲ. ಆದರೂ ಇಂತಹ ತಪ್ಪು ಕಣ್ಣಿಗೆ ಕಾಣುವುದರಿಂದ ತಿದ್ದುವುದು ಸುಲಭ. ಕಾಣದ ತಪ್ಪು ಇದಕ್ಕಿಂತ ಅಪಾಯಕರ. ಸೊನ್ನೆ ಎಂಬ ಅನುಸ್ವಾರವೂ ಸೊನ್ನೆ ಎಂಬ ಅಂಕಿಯೂ ಕನ್ನಡದಲ್ಲಿ ರೂಪದಿಂದ ಬಹುಮಟ್ಟಿಗೆ ಒಂದೇ. ಬೆರಳಚ್ಚು ಮಾಡುವವನು ಅನುಸ್ವಾರದೆಡೆಯಲ್ಲಿ ಅಂಕಿಯನ್ನು ಒತ್ತಿದರೆ ‘ದಿಗಂಬರ’ ಪದ ಅಚ್ಚಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಪದಸೂಚಿಯನ್ನು ಯಂತ್ರದಿಂದ ಅಕಾರಾದಿಯಾಗಿ ಜೋಡಿಸಿದಾಗ ಮಾತ್ರ ಅದು ತನ್ನ ಸ್ಥಾನದಲ್ಲಿರುವುದಿಲ್ಲ. ಸೂಚಿಯಲ್ಲಿ ಪದವಿಲ್ಲವೆಂದು ಕಂಡ ಸಂಶೋಧಕನು ಗ್ರಂಥದಲ್ಲಿಯೇ ಅದಿಲ್ಲವೆಂದು ಬರೆದರೆ ತಪ್ಪು ಯಾರದು?

ಹಳಗನ್ನಡದ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿಯಾಗಿರುವುದು ರಳ ಮತ್ತು ಶಕಟರೇಫಗಳಿಗೆ. ‘ಉೞಿ’ ಎಂದರೆ ಶೇಷವಾಗು, ‘ಉಳಿ’ ಎಂದರೆ ಬಡಗಿಯ ಉಪಕರಣ. ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ‘ಕಱೆ’ ಎಂದರೆ ಹಾಲು ಹಿಂಡು, ‘ಕರೆ’ ಎಂದರೆ ಕೂಗು. ಕೇಶಿರಾಜನು ರಳ, ಕುಳ, ಕ್ಷಳಗಳನ್ನು ವಿವೇಚಿಸಿ ರಳವುಳ್ಳ ಪದಗಳನ್ನು ಪಟ್ಟಿಮಾಡಿ ಕೊಟ್ಟುದು ಅವನ ಕಾಲಕ್ಕಾಗಲೇ ಜನ ಇದನ್ನು ಮರೆಯುತ್ತಿದ್ದರೆಂಬ ಕಾರಣದಿಂದ. ದ್ವಿತೀಯಾಕ್ಷರಪ್ರಾಸದಲ್ಲಿ ೞಕಾರ ಳಕಾರಗಳು ಬೆರೆತಿವೆಯೋ ಇಲ್ಲವೋ ಎಂಬುದು ಕವಿಯ ಕಾಲನಿರ್ಣಯಕ್ಕೆ ಒಂದು ಸಾಧನ. ತುಳುನಾಡಿನ ಈಚಿನ ಪ್ರತಿಗಳಲ್ಲಿ ಲಿಪಿಕಾರರೇ ಇವನ್ನು ಗೊಂದಲಮಾಡಿರುವುದುಂಟು; ಯಾವುದು ಪ್ರತಿಯ ರೂಪ, ಯಾವುದು ಕವಿಯ ರೂಪ ಎಂದು ನಿಶ್ಚಯಿಸುವುದು ಸಂಪಾದಕನ ಅಧಿಕಾರ. ಕಡತದಲ್ಲಿ ಒಂದೇ ಆಜ್ಞೆಯಿಂದ ಎಲ್ಲ ೞಗಳನ್ನೂ ಳ ಮಾಡಿಬಿಟ್ಟರೆ ಆ ಅಧಿಕಾರ ಬೆರಳಚ್ಚುಗಾರನ ಪಾಲಾಗುತ್ತದೆ. ಅಕ್ಷರವಿನ್ಯಾಸದಲ್ಲಿ ೞ ದೊರೆಯಲಿಲ್ಲವೆಂಬ ಒಂದೇ ಕಾರಣದಿಂದ ಹೀಗೆ ಮಾಡಿ, ಪೀಠಿಕೆಯಲ್ಲಿ ಒಂದು ಮಾತೂ ಹೇಳದಿರುವ ಮುದ್ರಣಗಳನ್ನು ಆಕರವೆಂದು ಸ್ವೀಕರಿಸುವುದು ಕಷ್ಟ.

ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಒದಗಿದ ಗತಿಯೂ ವಿಚಿತ್ರವಾದುದು. ಕನ್ನಡದ ಅಕ್ಷರಗಳಿಗೆ ಅದರಲ್ಲಿ ಸ್ಥಾನ ದೊರೆತದ್ದು 1991ರಲ್ಲಿ. ೞಕಾರಕ್ಕೂ ಸ್ಥಾನವಿತ್ತು, ಆದರೆ ಅದಕ್ಕೆ ಕೊಟ್ಟ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫಾ’ ಎಂದು. ರೂಪಸಾಮ್ಯದಿಂದ ಫಕಾರವೆಂದು ಭ್ರಮಿಸಿರಬೇಕು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ ತಪ್ಪು ಹೆಸರು ಹಾಗೆಯೇ ನಿಂತಿದೆ; ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಲಾಗಿದೆ. ಮೂಲವನ್ನು ಅಳಿಸದೆ ಬದಿಯಲ್ಲಿ ತಿದ್ದುವ ಈ ಪದ್ಧತಿ ನಮ್ಮ ಲಿಪಿಕಾರರಿಗೆ ಅಪರಿಚಿತವಲ್ಲ. ಹಳಗನ್ನಡದ ಬರವಣಿಗೆಯ ನಕಾರಪೊಲ್ಲು ಎಂಬ ಅರ್ಧನಕಾರಕ್ಕೆ ಸ್ಥಾನ ದೊರೆತದ್ದಂತೂ 2021ರಲ್ಲಿ. ಸಂಕೇತದಲ್ಲಿ ಸ್ಥಾನವಿದ್ದ ಮಾತ್ರಕ್ಕೆ ಅಕ್ಷರವಿನ್ಯಾಸದಲ್ಲಿ ರೂಪವಿರುತ್ತದೆಂದು ಭಾವಿಸಲಾಗದು. ‘ನೆಗೞ್ದ’ ಎಂಬಲ್ಲಿ ೞಕಾರವು ಬೇರೊಂದು ವಿನ್ಯಾಸದಿಂದ ಎರವಲು ಬಂದು ದಪ್ಪನಾಗಿ ನಿಲ್ಲುವುದು, ಒತ್ತು ಪಕ್ಕಕ್ಕೆ ಸರಿಯುವುದು, ಇಲ್ಲವೆ ಆ ಸ್ಥಾನದಲ್ಲಿ ಬರಿಯ ಚೌಕ ಬೀಳುವುದು ಸಾಮಾನ್ಯ. ಕೆಲಸ ಆರಂಭಿಸುವ ಮೊದಲೇ ೞ, ಱ, ಅವುಗಳ ಸ್ವರಸಹಿತ ರೂಪಗಳು, ಒತ್ತುಗಳು, ಅವಗ್ರಹ ಇವೆಲ್ಲವನ್ನೂ ಒಂದು ಪುಟದಲ್ಲಿ ಬರೆದು ಅಚ್ಚುತೆಗೆದು ನೋಡಿದರೆ ಅರ್ಧ ತೊಂದರೆ ಅಲ್ಲಿಯೇ ನಿವಾರಣೆಯಾಗುತ್ತದೆ.

ಪುಟವಿನ್ಯಾಸದ ವಿಷಯದಲ್ಲಿಯೂ ಉಪೇಕ್ಷೆ ಕಾಣುತ್ತದೆ. ‘ವಡ್ಡಾರಾಧನೆ’ಯಂತಹ ಗದ್ಯಗ್ರಂಥಗಳಲ್ಲಿ ಪಾಠಾಂತರಗಳನ್ನು ಪುಟ, ಸಾಲುಗಳ ಸಂಖ್ಯೆಯಿಂದ ನಿರ್ದೇಶಿಸುವ ಪದ್ಧತಿಯನ್ನು ಅನುಸರಿಸಿದರೆ ಪುಟದ ಅಳತೆ ಬದಲಾದ ಕೂಡಲೆ ಸಾಲುಗಳು ಬದಲಾಗುತ್ತವೆ. ಕಡತದಲ್ಲಿ ಅಕ್ಷರದ ಗಾತ್ರವನ್ನು ಒಂದು ಅಂಶ ಹೆಚ್ಚಿಸಿದರೂ ಸಾಕು, ಏಳನೆಯ ಸಾಲಿನ ಪಾಠಾಂತರ ಎಂಟನೆಯ ಸಾಲಿಗೆ ಅನ್ವಯವಾಗಿ ಕೂಡುತ್ತದೆ. ಆದುದರಿಂದ ಪಾಠಾಂತರಗಳನ್ನು ಪದಕ್ಕೇ ಕಟ್ಟಿದ ಅಡಿಟಿಪ್ಪಣಿಗಳಾಗಿ ಹಾಕಿಸುವುದು, ಸಾಲುಸಂಖ್ಯೆ ಬೇಕಾದರೆ ಪುಟಗಳು ಸ್ಥಿರವಾದ ಮೇಲೆ ಹಾಕಿಸುವುದು ಕ್ಷೇಮ. ಅಡಿಟಿಪ್ಪಣಿಯ ಸಣ್ಣ ಅಕ್ಷರದಲ್ಲಿ ಕನ್ನಡದ ಒತ್ತುಗಳು ಮಸಿ ತುಂಬಿ ಮುಚ್ಚಿಹೋಗುತ್ತವೆ. ಸಾಲುಗಳ ನಡುವಿನ ಅಂತರ ಕಡಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ರೋಮನ್ ಅಕ್ಷರಕ್ಕೆ ಗೊತ್ತುಪಡಿಸಿದ ಅಂತರ ಕನ್ನಡಕ್ಕೆ ಸಾಲದು. ಇನ್ನು ಕೇಶವವರ್ಣಿಯ ಗೊಮ್ಮಟಸಾರವೃತ್ತಿಯಂತಹ ಗ್ರಂಥದ ಅರ್ಥಸಂದೃಷ್ಟಿಗಳಲ್ಲಿ ಅಂಕಿಗಳು ಮೇಲೆ ಕೆಳಗೆ ನಿಂತ ಸ್ಥಾನದಿಂದಲೇ ಅರ್ಥ ಹೊಂದುತ್ತವೆ. ಅವನ್ನು ಸಾಮಾನ್ಯ ಸಾಲಾಗಿ ಬೆರಳಚ್ಚಿಸಿದರೆ ಗಣಿತವೇ ಕೆಡುತ್ತದೆ.

ಓಲೆಗಳ ಛಾಯಾಚಿತ್ರಗಳ ವಿಷಯ ಇನ್ನೂ ಸೂಕ್ಷ್ಮ. ಒಂದೂವರೆ ಅಡಿ ಉದ್ದದ ಗರಿಯನ್ನು ಡೆಮಿ 1/8ರ ಪುಟದ ಅಗಲಕ್ಕೆ ಇಳಿಸಿದರೆ ಅದು ಸುಮಾರು ನಾಲ್ಕರಲ್ಲೊಂದು ಪಾಲಾಗುತ್ತದೆ. ಅಕ್ಷರ ಓದಲು ಬಾರದು, ಚಿತ್ರ ಅಲಂಕಾರಮಾತ್ರ. ಗರಿಯನ್ನು ಎರಡು ಮೂರು ಖಂಡಗಳಾಗಿ ಒಂದರ ಕೆಳಗೊಂದು ಹಾಕಿ, ಅಳತೆಯ ಪಟ್ಟಿಯನ್ನು ಜೊತೆಗಿಟ್ಟು, ಅಚ್ಚಾಗುವ ಗಾತ್ರದಲ್ಲಿ ಅಂಗುಲಕ್ಕೆ 300 ಬಿಂದುಗಳಿಗೆ ಕಡಮೆಯಾಗದಂತೆ ಸಿದ್ಧಪಡಿಸಬೇಕು. ದೂರವಾಣಿಯಲ್ಲಿ ಕಳುಹಿಸಿದ ಚಿತ್ರ ದಾರಿಯಲ್ಲಿಯೇ ಸಂಕುಚಿತವಾಗಿರುತ್ತದೆ. ಮತ್ತೆ ಹಿಗ್ಗಿಸಿದರೆ ಕಂಠದ ಮೊನೆಯ ಸೂಕ್ಷ್ಮರೇಖೆ ಮರಳಿ ಬರುವುದಿಲ್ಲ. ಇದಕ್ಕಿಂತ ಕೆಟ್ಟದು ಚಿತ್ರವನ್ನು ‘ಶುಚಿ’ಮಾಡುವ ಉತ್ಸಾಹ. ಗರಿಯ ಮೇಲಿನ ಚುಕ್ಕೆಯೊಂದು ಹುಳು ಕೊರೆದ ರಂಧ್ರವೋ, ಅನುಸ್ವಾರವೋ, ಲಿಪಿಕಾರನು ಅಕ್ಷರವನ್ನು ತೊಡೆದ ಗುರುತೋ ಎಂಬುದನ್ನು ಓದಬಲ್ಲವನು ನಿಶ್ಚಯಿಸಬೇಕು. ಪರದೆಯ ಮುಂದೆ ಕುಳಿತು ಅದನ್ನು ಕಲೆಯೆಂದು ಅಳಿಸುವವನು ತಿಳಿಯದೆಯೇ ಪಾಠಪರಿಷ್ಕಾರ ಮಾಡುತ್ತಿದ್ದಾನೆ. ಮೂಡುಬಿದಿರೆಯ ಧವಲದ ಸಚಿತ್ರ ಗರಿಗಳಂತಹವನ್ನು ವರ್ಣದಲ್ಲಿ ಅಚ್ಚುಮಾಡಿಸುವಾಗ ಪರದೆಯ ಬಣ್ಣ ನಾಲ್ಕು ಮಸಿಗಳ ಬಣ್ಣವಾಗಿ ಮಾರ್ಪಡುತ್ತದೆಂಬುದನ್ನು ನೆನೆದು, ಮುದ್ರಣಾಲಯದ ವರ್ಣಕರಡನ್ನು ಮೂಲದೊಡನೆ ಹಗಲ ಬೆಳಕಿನಲ್ಲಿ ಹೋಲಿಸುವುದು ಅವಶ್ಯ.

ಕೊನೆಯ ಕಡತವನ್ನು ಪಿ.ಡಿ.ಎಫ್. ರೂಪದಲ್ಲಿಯೇ ಕೊಡಬೇಕೆಂಬುದು ಈಗ ಎಲ್ಲರೂ ಬಲ್ಲ ಮಾತು. ಆದರೆ ಆ ಹೆಸರಿನ ಕಡತಗಳೆಲ್ಲ ಒಂದೇ ಬಗೆಯವಲ್ಲ. ಅಕ್ಷರವಿನ್ಯಾಸ ಅದರೊಳಗೆ ಅಡಕವಾಗಿರದಿದ್ದರೆ ಅಚ್ಚಿನ ಮನೆಯ ಯಂತ್ರ ಬೇರೊಂದನ್ನು ಹಾಕಿಕೊಳ್ಳುತ್ತದೆ. ಹಳೆಯ ಕ್ರಮದ ಕಡತವಾದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮುದ್ರಣಕ್ಕೆಂದೇ 2001ರಿಂದ ನಿರ್ದಿಷ್ಟವಾದ ಪಿ.ಡಿ.ಎಫ್./ಎಕ್ಸ್ ಎಂಬ ಮಾನಕ ಅಕ್ಷರವಿನ್ಯಾಸ ಅಡಕವಾಗಿರಲೇಬೇಕೆಂದು ವಿಧಿಸುತ್ತದೆ. ಕೇಳಿ ಪಡೆಯುವುದಕ್ಕೆ ಹೆಚ್ಚು ಖರ್ಚಿಲ್ಲ. ಮತ್ತೊಂದು ಸಂಗತಿಯನ್ನು ವಿದ್ವಾಂಸರು ಗಮನಿಸುವುದೇ ಇಲ್ಲ. ಪತ್ರ ಬರೆಯುವ ಸಾಮಾನ್ಯ ತಂತ್ರಾಂಶದಿಂದ ಹೊರಟ ಕಪ್ಪು ಅಕ್ಷರ ಕೆಲವೊಮ್ಮೆ ನಾಲ್ಕು ಮಸಿಗಳ ಮಿಶ್ರಣವಾಗಿರುತ್ತದೆ. ನಾಲ್ಕು ಫಲಕಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಮೂಡಿ ಒತ್ತುಗಳು ಮಸುಕಾಗುತ್ತವೆ. ಮೂಲಪಾಠ ಕಪ್ಪು ಮಸಿಯೊಂದರಲ್ಲಿಯೇ ಇರಬೇಕೆಂದು ಮೊದಲೇ ಹೇಳಬೇಕು.

ಇಷ್ಟೆಲ್ಲವನ್ನೂ ಮುದ್ರಣಾಲಯದವರು ನೋಡಿಕೊಳ್ಳುತ್ತಾರೆಂದು ವಾದಿಸುವವರುಂಟು. ಮಸಿ, ಫಲಕ, ಕಾಗದಗಳನ್ನು ಅವರು ನೋಡಿಕೊಳ್ಳುತ್ತಾರೆ, ಪಾಠವನ್ನು ನೋಡಿಕೊಳ್ಳಲಾರರು. ಹಾಗೆ ನೋಡಿಕೊಳ್ಳಬೇಕೆಂದು ಅವರು ಒಪ್ಪಿಕೊಂಡೂ ಇಲ್ಲ. ಓದುಗರು ಪಂಡಿತರಾದುದರಿಂದ ತಾವೇ ತಿದ್ದಿಕೊಂಡು ಓದುತ್ತಾರೆಂಬ ಇನ್ನೊಂದು ವಾದ ಮೊದಲಿನದಕ್ಕಿಂತ ದುರ್ಬಲ. ಹಾಗೆ ತಿದ್ದಿಕೊಳ್ಳಬಲ್ಲವರ ಸಂಖ್ಯೆ ಬೆಳೆಯುತ್ತಿಲ್ಲ. ಮುಂದಿನ ತಲೆಮಾರಿನವರಿಗೆ ಈ ಅಚ್ಚಿನ ಪುಸ್ತಕವೇ ಮೂಲವಾಗುತ್ತದೆ. ಹಳೆಯ ಆವೃತ್ತಿಯನ್ನು ಹೊಸದಾಗಿ ಬೆರಳಚ್ಚಿಸಿ ‘ಎರಡನೆಯ ಮುದ್ರಣ’ವೆಂದು ಕರೆಯುವ ರೂಢಿಯೂ ಇದೇ ಅಲಕ್ಷ್ಯದ ಫಲ. ಛಾಯಾಮುದ್ರಣವಾದರೆ ಆ ಹೆಸರು ಸಲ್ಲುತ್ತದೆ. ಪ್ರತಿಯೊಂದು ಅಕ್ಷರವನ್ನೂ ಮತ್ತೆ ಒತ್ತಿದುದಾದರೆ ಅದು ಹೊಸ ಪ್ರತಿ. ಹಳೆಯ ಸಂಪಾದಕನ ಹೆಸರಿನಡಿಯಲ್ಲಿ ಹೊಸ ತಪ್ಪುಗಳನ್ನು ಹೊರಿಸುವುದು ನ್ಯಾಯವಲ್ಲ.

ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಲಿ ಎಂದು ಬೇಡಿಕೊಂಡು, ಕಾಲ, ಊರು, ಬರೆಯಿಸಿದವರ ಹೆಸರುಗಳನ್ನು ಹೇಳಿ ಓಲೆಯನ್ನು ಮುಗಿಸುವುದು ನಮ್ಮ ಲಿಪಿಕಾರರ ಪದ್ಧತಿ. ಅಚ್ಚಿನ ಕಡತಕ್ಕೂ ಅಂತಹ ಪುಷ್ಪಿಕೆಯೊಂದು ಇರಬೇಕಾದುದು ಯುಕ್ತ. ಪಾಠವನ್ನು ಯಾವ ಸಂಕೇತದಲ್ಲಿ ಬೆರಳಚ್ಚಿಸಲಾಯಿತು, ಪರಿವರ್ತನೆ ನಡೆಯಿತೆ, ನಡೆದಿದ್ದರೆ ಯಾವ ತಂತ್ರಾಂಶದಿಂದ, ಅಕ್ಷರವಿನ್ಯಾಸ ಯಾವುದು, ೞ ಱಗಳನ್ನು ಹೇಗೆ ನಿರ್ವಹಿಸಲಾಗಿದೆ, ಕೊನೆಯ ಕರಡನ್ನು ಓಲೆಯೊಡನೆ ಒಪ್ಪನೋಡಿದವರು ಯಾರು ಎಂಬಿಷ್ಟನ್ನು ಅರ್ಧ ಪುಟದಲ್ಲಿ ಹೇಳಬಹುದು. ಈ ಕೊನೆಯ ಕರಡು ಅಚ್ಚಿಗೆ ಹೋಗುವ ಅದೇ ಕಡತದಿಂದ ಕಾಗದದ ಮೇಲೆ ತೆಗೆದುದಾಗಿರಬೇಕು, ಪರದೆಯ ಮೇಲೆ ನೋಡಿದುದಾಗಿರಬಾರದು. ಒಬ್ಬರು ಓಲೆಯನ್ನು ಓದುತ್ತ, ಇನ್ನೊಬ್ಬರು ಕರಡನ್ನು ಹಿಡಿದು ಬೆರಳಿಡುತ್ತ ಸಾಗಿದರೆ ಇನ್ನೂರು ಪುಟಗಳ ಗ್ರಂಥಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಮುದ್ರಣದ ಖರ್ಚನ್ನು ವಹಿಸುವ ದಾನಿಗಳಿಗೆ ಅಂದಾಜುಪಟ್ಟಿಯನ್ನು ಕೊಡುವಾಗ ಈ ವಾರಗಳ ಸಂಭಾವನೆಯನ್ನೂ ಕಾಗದ, ರಟ್ಟುಗಳ ಬೆಲೆಯ ಜೊತೆಯಲ್ಲಿಯೇ ಬರೆಯತಕ್ಕದ್ದು.